ತಾಮ್ರದ ತಂತಿಯಿಂದ ಗಾಜಿನ ಎಳೆಗೆ: ಬ್ರಿಟನ್ನಿನ ದೂರವಾಣಿ ಜಾಲದ ರೂಪಾಂತರ

ದೂರವಾಣಿ ವಿನಿಮಯ ಕೇಂದ್ರದಿಂದ, ಅಂದರೆ ಎಕ್ಸ್‌ಚೇಂಜಿನಿಂದ ಹೊರಟು ಪ್ರತಿಯೊಂದು ಮನೆಯನ್ನೂ ಮುಟ್ಟುವ ತಂತಿಗಳ ಸಮೂಹಕ್ಕೆ ಪ್ರವೇಶ ಜಾಲವೆಂದು ಹೆಸರು. ನಗರದಿಂದ ನಗರಕ್ಕೆ, ಖಂಡದಿಂದ ಖಂಡಕ್ಕೆ ಮಾಹಿತಿಯನ್ನು ಸಾಗಿಸುವ ಮುಖ್ಯ ಮಾರ್ಗಗಳು ಬಹುಕಾಲದ ಹಿಂದೆಯೇ ಗಾಜಿನ ತಂತುಗಳಾದವು. ಆದರೆ ಎಕ್ಸ್‌ಚೇಂಜಿನಿಂದ ಮನೆಯವರೆಗಿನ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ, ಒಂದು ಶತಮಾನಕ್ಕೂ ಹೆಚ್ಚು ಕಾಲ, ಮಾತಿಗಾಗಿಯೇ ಹಾಕಿದ ತಾಮ್ರದ ಜೋಡಿ ತಂತಿಯೇ ಉಳಿದುಕೊಂಡಿತು. ಇಡೀ ಜಾಲದಲ್ಲಿ ಅತ್ಯಂತ ದುಬಾರಿಯಾದ ಭಾಗವೂ ಇದೇ. ಪ್ರತಿ ಬೀದಿಯನ್ನು ಅಗೆದು ಪ್ರತಿ ಮನೆಯ ಗೋಡೆಯನ್ನು ಕೊರೆಯದೆ ಇದನ್ನು ಬದಲಿಸಲಾಗದು.

ಈ ತಂತಿಯಲ್ಲಿಯೇ ಬ್ರಾಡ್‌ಬ್ಯಾಂಡ್ ಹರಿಸಲು ಎಂಜಿನಿಯರುಗಳು ಮೂರು ದಶಕಗಳ ಕಾಲ ಪಟ್ಟ ಪ್ರಯತ್ನ, ಕೊನೆಗೆ ಅದನ್ನು ಬಿಟ್ಟು ಗಾಜಿನ ಎಳೆಗೆ ಬಂದ ಬಗೆ, ಈ ಪ್ರಯಾಣದಲ್ಲಿ ಸದ್ದಿಲ್ಲದೆ ಕಳೆದುಹೋದ ಒಂದು ಸೌಲಭ್ಯ, ಇವು ಈ ಲೇಖನದ ವಿಷಯ. ಬ್ರಿಟನ್ನಿನ ಉದಾಹರಣೆಯನ್ನು ಮುಖ್ಯವಾಗಿ ತೆಗೆದುಕೊಂಡಿದ್ದೇನೆ. ಒಂಟಿಯಾಗಿ ಬಾಳುವ ವೃದ್ಧರನ್ನು ನೋಡಿಕೊಳ್ಳುವ ವೈದ್ಯರಿಗೆ ಇಲ್ಲಿ ಈ ವಿಷಯ ಕೇವಲ ತಾಂತ್ರಿಕವಾಗಿ ಉಳಿದಿಲ್ಲ.

ತಂತಿ ತಂದುಕೊಟ್ಟ ಎರಡು ವಸ್ತುಗಳು

ದೂರವಾಣಿಯ ತಂತಿ ಮನೆಗೆ ಮಾತನ್ನು ಮಾತ್ರ ತರುತ್ತಿರಲಿಲ್ಲ, ಅದರ ಜೊತೆಗೆ ವಿದ್ಯುತ್ತನ್ನೂ ತರುತ್ತಿತ್ತು. 20ನೆಯ ಶತಮಾನದ ಆರಂಭದಿಂದ ಎಕ್ಸ್‌ಚೇಂಜುಗಳಲ್ಲಿ ದೊಡ್ಡ ಬ್ಯಾಟರಿಗಳ ಸಾಲುಗಳನ್ನಿಟ್ಟು, ಸುಮಾರು 50 ವೋಲ್ಟುಗಳ ನೇರ ವಿದ್ಯುತ್ತನ್ನು ಪ್ರತಿಯೊಂದು ತಂತಿಗೂ ಉಣಿಸುವ ಪದ್ಧತಿ ನೆಲೆಗೊಂಡಿತು. ಫೋನನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಕಾದ ಅಗತ್ಯವೇ ಇರಲಿಲ್ಲ. ಊರೆಲ್ಲ ಕತ್ತಲಾದರೂ ಎಕ್ಸ್‌ಚೇಂಜಿನ ಬ್ಯಾಟರಿ ಮತ್ತು ಜನರೇಟರುಗಳ ಬಲದಿಂದ ಫೋನಿನಲ್ಲಿ ಜೀವವಿರುತ್ತಿತ್ತು.

ಈ ಗುಣವೇ ದೂರವಾಣಿಯನ್ನು ಆಪತ್ಕಾಲದ ಸಾಧನವನ್ನಾಗಿ ಮಾಡಿತು. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯಲ್ಲಿ, ವೈದ್ಯರ ಮನೆಗಳೇ ತುಂಬಿದ್ದ ಆ ಬೀದಿಯಲ್ಲಿ, ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ನೆರೆಯವರೊಬ್ಬರು ಅಗ್ನಿಶಾಮಕ ದಳವನ್ನು ಕರೆಯಲು ಯತ್ನಿಸಿದಾಗ ಅವರ ಕರೆ ಎಕ್ಸ್‌ಚೇಂಜಿನ ಸರದಿಯಲ್ಲೇ ಕಾಯುತ್ತ ಉಳಿಯಿತು. ಅವರು ಇದನ್ನು ಖಂಡಿಸಿ ಪತ್ರಿಕೆಗೆ ಬರೆದರು, ಪ್ರಕರಣ ವಿಚಾರಣೆಗೆ ಬಂತು, 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಎಂಬ ತುರ್ತು ಸಂಖ್ಯೆ ಜಾರಿಗೆ ಬಂತು. ಕರೆ ಮಾಡಿದವರಿಗೆ ಸಹಾಯ ದೊರಕಲೇಬೇಕು ಎಂಬ ನಿರೀಕ್ಷೆ ಅಂದಿನಿಂದ ಈ ತಾಮ್ರದ ತಂತಿಗೆ ಅಂಟಿಕೊಂಡಿದೆ.

ಮಾತಿನ ಅಳತೆಗೆ ಹೊಲಿದ ಅಂಗಿ

ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದರೆ ಹೊರಗಿನ ವಿದ್ಯುತ್ ಕ್ಷೋಭೆ ಎರಡರ ಮೇಲೂ ಸಮನಾಗಿ ಬಿದ್ದು ಬಹುಮಟ್ಟಿಗೆ ರದ್ದಾಗುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದ ಈ ಸರಳ ಉಪಾಯವೇ ಇಂದಿನವರೆಗೂ ತಾಮ್ರದ ಜಾಲದ ಆಧಾರ. ಮನುಷ್ಯನ ಮಾತು ಅರ್ಥವಾಗಲು 300ರಿಂದ 3400 ಹರ್ಟ್ಜ್‌ವರೆಗಿನ ಕಂಪನಗಳು ಸಾಕು. ಆದುದರಿಂದ ಇಡೀ ದೂರವಾಣಿ ವ್ಯವಸ್ಥೆಯನ್ನು ಅಷ್ಟಕ್ಕೇ ಅಳೆದು ಕಟ್ಟಲಾಯಿತು.

ಉದ್ದನೆಯ ತಂತಿಗಳಲ್ಲಿ ಮಾತು ಮಂಕಾಗದಿರಲೆಂದು ಅಲ್ಲಲ್ಲಿ ಲೋಡಿಂಗ್ ಕಾಯಿಲ್ ಎಂಬ ಸುರುಳಿಗಳನ್ನು ಜೋಡಿಸುತ್ತಿದ್ದರು. ಇವು ಮಾತಿನ ಕಂಪನಗಳನ್ನು ಚೆನ್ನಾಗಿ ಹಾಯಿಸುತ್ತವೆ, ಅದಕ್ಕಿಂತ ಮೇಲಿನವನ್ನು ತಡೆದುಬಿಡುತ್ತವೆ. ಬ್ರಾಡ್‌ಬ್ಯಾಂಡಿಗೆ ಬೇಕಾದುದು ಆ ಮೇಲಿನ ಕಂಪನಗಳೇ. ಒಂದು ಕಾಲದಲ್ಲಿ ಮದ್ದಾಗಿದ್ದುದು ಮತ್ತೊಂದು ಕಾಲದಲ್ಲಿ ಅಡ್ಡಿಯಾಯಿತು. ಸುರುಳಿಗಳಿದ್ದ ಸಾಲುಗಳಲ್ಲಿ ಅವನ್ನು ಹುಡುಕಿ ಕಿತ್ತುಹಾಕದೆ ಬ್ರಾಡ್‌ಬ್ಯಾಂಡ್ ಸಾಧ್ಯವಿರಲಿಲ್ಲ. ಬ್ರಿಟನ್ನಿನಲ್ಲಿ ಇನ್ನೊಂದು ತೊಡಕೂ ಇತ್ತು. ತಾಮ್ರದ ಬೆಲೆ ಏರಿದ ಕಾಲದಲ್ಲಿ ಕೆಲವು ಪ್ರದೇಶಗಳಲ್ಲಿ ಅಲ್ಯೂಮಿನಿಯಂ ತಂತಿಗಳನ್ನು ಹಾಕಿದ್ದರು. ಅವುಗಳ ವಾಹಕತೆ ಕಡಿಮೆ, ಬೆಸುಗೆಗಳೂ ಬೇಗ ಕೆಡುತ್ತವೆ.

ಮಾತಿನ ದಾರಿಯಲ್ಲೇ ಗಣಕದ ಸಂಕೇತವನ್ನು ಶಬ್ದವಾಗಿ ಕಳುಹಿಸಿದ ಡಯಲ್ ಅಪ್ ಮೋಡೆಮ್ಮಿನ ಕಿರುಗುಟ್ಟುವ ಸದ್ದನ್ನು ನಮ್ಮ ವಯಸ್ಸಿನವರು ಮರೆತಿರಲಾರರು. 1998ರ ಹೊತ್ತಿಗೆ ಅದು ಸೆಕೆಂಡಿಗೆ 56 ಕಿಲೋಬಿಟ್‌ಗೆ ಮುಟ್ಟಿ ನಿಂತಿತು. ಎಕ್ಸ್‌ಚೇಂಜಿನಲ್ಲಿ ಪ್ರತಿಯೊಂದು ಕರೆಯನ್ನೂ 64 ಕಿಲೋಬಿಟ್‌ನ ಅಂಕೀಯ ಧಾರೆಯಾಗಿ ಪರಿವರ್ತಿಸುತ್ತಿದ್ದುದರಿಂದ, ಮಾತಿನ ದಾರಿಯಲ್ಲಿ ಅದಕ್ಕಿಂತ ಮುಂದೆ ಹೋಗಲು ಅವಕಾಶವೇ ಇರಲಿಲ್ಲ.

ಮಾತಿನ ಮೇಲಿನ ಆಕಾಶ

ಮಿತಿಯಿದ್ದುದು ಎಕ್ಸ್‌ಚೇಂಜಿನ ಯಂತ್ರದಲ್ಲಿ, ತಂತಿಯಲ್ಲಲ್ಲ ಎಂಬ ಅರಿವೇ ಡಿಎಸ್ಎಲ್ ತಂತ್ರಕ್ಕೆ ಮೂಲ. ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಖ್‌ಲೈಡರ್ 1980ರ ದಶಕದ ಕೊನೆಯಲ್ಲಿ ಒಂದು ಮುಖ್ಯ ಸಂಗತಿಯನ್ನು ಗುರುತಿಸಿದರು. ಒಂದೇ ಕೇಬಲ್ಲಿನಲ್ಲಿ ಅಕ್ಕಪಕ್ಕ ಸಾಗುವ ಜೋಡಿಗಳು ಒಂದರ ಮಾತನ್ನು ಇನ್ನೊಂದು ಕದ್ದು ಕೇಳಿದಂತೆ ಪರಸ್ಪರ ಬಾಧಿಸುತ್ತವೆ. ಎರಡೂ ದಿಕ್ಕಿಗೆ ಸಮಾನ ವೇಗ ಬೇಕೆಂದರೆ ಈ ಬಾಧೆ ಮಿತಿಮೀರುತ್ತದೆ. ಮನೆಗೆ ಬರುವ ದಿಕ್ಕಿಗೆ ಹೆಚ್ಚು ವೇಗ, ಮನೆಯಿಂದ ಹೋಗುವ ದಿಕ್ಕಿಗೆ ಕಡಿಮೆ ವೇಗ ಎಂದು ಹಂಚಿದರೆ ಒಟ್ಟಾರೆ ಲಾಭ ದೊಡ್ಡದು. ಎಡಿಎಸ್ಎಲ್ ಎಂಬ ಹೆಸರಿನ ಮೊದಲ ಅಕ್ಷರ ಸೂಚಿಸುವುದು ಈ ಅಸಮತೆಯನ್ನೇ. ಬೇಡಿಕೆಯ ಮೇರೆಗೆ ಚಲನಚಿತ್ರಗಳನ್ನು ಮನೆಗೆ ತಲುಪಿಸುವುದು ಆರಂಭದ ಉದ್ದೇಶವಾಗಿತ್ತು. ಅಂತರ್ಜಾಲ ಬಂದು ಅದಕ್ಕೆ ಬೇರೆ ಬದುಕನ್ನು ಕೊಟ್ಟಿತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಸಿಯೋಫಿ ಮತ್ತು ಅವರ ಸಂಗಡಿಗರು ಬೆಳೆಸಿದ ವಿಧಾನ ಈ ತಂತ್ರವನ್ನು ಕೈಗೆ ಎಟುಕುವಂತೆ ಮಾಡಿತು. ಸುಮಾರು 1.1 ಮೆಗಾಹರ್ಟ್ಜ್‌ವರೆಗಿನ ಕಂಪನಗಳನ್ನು 256 ಕಿರುದಾರಿಗಳಾಗಿ ಸೀಳಿ, ಒಂದೊಂದರಲ್ಲೂ ಗದ್ದಲ ಎಷ್ಟಿದೆಯೆಂದು ಅಳೆದು, ಶುಭ್ರವಾದ ದಾರಿಗೆ ಹೆಚ್ಚು ಹೊರೆ, ಕೆಟ್ಟ ದಾರಿಗೆ ಕಡಿಮೆ ಹೊರೆ ಹೊರಿಸುವ ವಿಧಾನವಿದು. ಅತ್ಯಂತ ಕೆಳಗಿನ ದಾರಿಗಳನ್ನು ಮಾತಿಗೆಂದು ಬಿಟ್ಟು, ಒಂದು ಚಿಕ್ಕ ಮೈಕ್ರೋಫಿಲ್ಟರ್ ಎರಡನ್ನೂ ಬೇರ್ಪಡಿಸುತ್ತಿತ್ತು. ಹಾಗಾಗಿ ಫೋನಿನಲ್ಲಿ ಮಾತನಾಡುತ್ತಲೇ ಅಂತರ್ಜಾಲವನ್ನೂ ಬಳಸಬಹುದಾಯಿತು. ಇಲ್ಲಿ ನೆನಪಿಡಬೇಕಾದ ಅಂಶವೆಂದರೆ, ಫೋನಿನ ಮಾತು ಹಾಗೂ ಅದಕ್ಕೆ ಬೇಕಾದ ವಿದ್ಯುತ್ತು ಆಗಲೂ ಹಳೆಯ ರೀತಿಯಲ್ಲೇ ಎಕ್ಸ್‌ಚೇಂಜಿನಿಂದ ಬರುತ್ತಿದ್ದವು.

ಬ್ರಿಟನ್ನಿನಲ್ಲಿ ಬಿಟಿ ಸಂಸ್ಥೆ 2000ದಲ್ಲಿ ಎಡಿಎಸ್ಎಲ್ ಸೇವೆಯನ್ನು ಆರಂಭಿಸಿತು. 1999ರ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 8 ಮೆಗಾಬಿಟ್. 2003ರ ಎಡಿಎಸ್ಎಲ್2+ ಕಂಪನದ ಮಿತಿಯನ್ನು 2.2 ಮೆಗಾಹರ್ಟ್ಜ್‌ಗೆ ಏರಿಸಿ ಗರಿಷ್ಠ ವೇಗವನ್ನು 24 ಮೆಗಾಬಿಟ್‌ಗೆ ಒಯ್ದಿತು. ಈ ವೇಗಗಳೆಲ್ಲ ಎಕ್ಸ್‌ಚೇಂಜಿಗೆ ತೀರ ಹತ್ತಿರವಿದ್ದವರ ಭಾಗ್ಯ. ಐದು ಕಿಲೋಮೀಟರ್ ದೂರದ ಹೊಲಮನೆಗೆ ಒಂದು ಮೆಗಾಬಿಟ್ ದಕ್ಕುವುದೂ ಕಷ್ಟವಿತ್ತು.

ತಾಮ್ರವನ್ನು ಮೊಟಕುಗೊಳಿಸುವ ದಾರಿ

ತಂತಿಯಲ್ಲಿ ಕಂಪನ ಹೆಚ್ಚಿದಷ್ಟೂ ವಿದ್ಯುತ್ತು ಲೋಹದ ಹೊರಮೈಗೆ ಸರಿದು ಸಾಗುತ್ತದೆ, ಸಂಕೇತ ಬೇಗ ಸೊರಗುತ್ತದೆ. ದೂರ ಹೆಚ್ಚಿದಷ್ಟೂ ಈ ನಷ್ಟ ಬೆಳೆಯುತ್ತದೆ. ಆದ್ದರಿಂದ ಹೆಚ್ಚಿನ ವೇಗ ಬೇಕಾದರೆ ತಾಮ್ರದ ಉದ್ದವನ್ನು ಕಡಿಮೆ ಮಾಡಲೇಬೇಕು. ಮುಂದಿನ ಎಲ್ಲ ಸುಧಾರಣೆಗಳೂ ಈ ಒಂದೇ ಸೂತ್ರದ ವ್ಯಾಖ್ಯಾನಗಳು.

ಮೊದಲ ಹೆಜ್ಜೆಯಾಗಿ, ಬೀದಿಯ ಮೂಲೆಯಲ್ಲಿ ನಿಂತ ಹಸಿರು ಪೆಟ್ಟಿಗೆಯವರೆಗೆ ಗಾಜಿನ ತಂತುವನ್ನು ತಂದು, ಅಲ್ಲಿಂದ ಮನೆಗೆ ಮಾತ್ರ ಹಳೆಯ ತಾಮ್ರವನ್ನು ಬಳಸಲಾಯಿತು. 2006ರಲ್ಲಿ ಅಂಗೀಕೃತವಾದ ವಿಡಿಎಸ್ಎಲ್2 ಎಂಬ ಮಾನದಂಡ ಈ ಗಿಡ್ಡ ತಂತಿಯಲ್ಲಿ 17 ಮೆಗಾಹರ್ಟ್ಜ್‌ವರೆಗಿನ ಕಂಪನಗಳನ್ನು ಬಳಸುತ್ತದೆ. ಬಿಟಿಯ ಜಾಲವನ್ನು ನಿರ್ವಹಿಸಲೆಂದು 2006ರಲ್ಲಿ ರಚಿತವಾದ ಓಪನ್‌ರೀಚ್ ವಿಭಾಗ ಮೊದಲು 40, ಬಳಿಕ 80 ಮೆಗಾಬಿಟ್‌ವರೆಗಿನ ವೇಗವನ್ನು ಹೀಗೆ ಒದಗಿಸಿತು. ಪೆಟ್ಟಿಗೆಯಿಂದ ಒಂದು ಕಿಲೋಮೀಟರ್ ಆಚೆ ಇದ್ದವರಿಗೆ ಮಾತ್ರ ಇದರ ಲಾಭ ಬಹಳ ಕಡಿಮೆ.

ನೆರೆಯ ಜೋಡಿಗಳ ಬಾಧೆಯನ್ನು ಮೊದಲೇ ಲೆಕ್ಕಹಾಕಿ, ಅದಕ್ಕೆ ವಿರುದ್ಧವಾದ ಸಂಕೇತವನ್ನು ಬೆರೆಸಿ ರದ್ದುಗೊಳಿಸುವ ವೆಕ್ಟರಿಂಗ್ ಎಂಬ ಗಣಿತದ ಉಪಾಯ 2010ರಲ್ಲಿ ಮಾನದಂಡವಾಯಿತು. 2014ರ ಜಿ.ಫಾಸ್ಟ್ ಎಂಬ ತಂತ್ರ 106 ಮೆಗಾಹರ್ಟ್ಜ್‌ವರೆಗೆ ಏರಿ, ಕೆಲವು ನೂರು ಮೀಟರಿನ ತಂತಿಯಲ್ಲಿ ನೂರಾರು ಮೆಗಾಬಿಟ್ ಹರಿಸಿತು. ಇಷ್ಟು ಹತ್ತಿರ ಬಂದ ಮೇಲೆ ಉಳಿದ ಆ ನೂರು ಇನ್ನೂರು ಮೀಟರ್ ತಾಮ್ರವನ್ನು ಮಾತ್ರ ಏಕೆ ಉಳಿಸಬೇಕೆಂಬ ಪ್ರಶ್ನೆ ತಾನಾಗಿ ಎದ್ದಿತು.

ಗಾಜಿನ ಎಳೆ

1966ರಲ್ಲಿ ಇಂಗ್ಲೆಂಡಿನ ಹಾರ್ಲೋ ಪಟ್ಟಣದ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಂ ಒಂದು ಪ್ರಬಂಧವನ್ನು ಪ್ರಕಟಿಸಿದರು. ಗಾಜಿನಲ್ಲಿ ಬೆಳಕು ಸೊರಗುವುದು ಗಾಜಿನ ಸ್ವಭಾವದಿಂದಲ್ಲ, ಅದರೊಳಗಿನ ಕಲ್ಮಶಗಳಿಂದ ಎಂಬುದು ಅವರ ವಾದ. ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆ ನಷ್ಟವಿದ್ದರೆ, ಅಂದರೆ ಒಂದು ಕಿಲೋಮೀಟರ್ ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ, ಅದು ದೂರಸಂಪರ್ಕಕ್ಕೆ ಸಾಕೆಂದು ಅವರು ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆ ಆ ಗುರಿಯನ್ನು ಮುಟ್ಟಿತು. ಇಂದಿನ ತಂತುಗಳಲ್ಲಿ ನಷ್ಟ ಸುಮಾರು 0.2 ಡೆಸಿಬೆಲ್ ಮಾತ್ರ, ಒಂದು ಕಿಲೋಮೀಟರಿನ ನಂತರವೂ ಶೇಕಡ 95ರಷ್ಟು ಬೆಳಕು ಉಳಿದಿರುತ್ತದೆ. ಕಾವೊ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಮನೆಗಳಿಗೆ ತಂತು ಒಯ್ಯುವಾಗ ಸಾಮಾನ್ಯವಾಗಿ ಬಳಸುವ ವಿನ್ಯಾಸದಲ್ಲಿ ಎಕ್ಸ್‌ಚೇಂಜಿನಿಂದ ಹೊರಟ ಒಂದೇ ತಂತು ದಾರಿಯಲ್ಲಿ 32 ಅಥವಾ 64 ಕವಲುಗಳಾಗಿ ಒಡೆಯುತ್ತದೆ. ಈ ಒಡಕನ್ನು ಮಾಡುವ ಸಾಧನ ಬರಿಯ ಗಾಜು, ಅದಕ್ಕೆ ವಿದ್ಯುತ್ತು ಬೇಡ. ಆದ್ದರಿಂದ ಮಳೆಗಾಳಿಗೆ ಕೆಡುವ ಯಂತ್ರ ಬೀದಿಯಲ್ಲಿ ಇರುವುದಿಲ್ಲ. ಕೆಳಬರುವ ಸಂದೇಶ ಎಲ್ಲ ಮನೆಗಳಿಗೂ ತಲುಪುತ್ತದೆ, ಗೂಢಲಿಪಿಯಲ್ಲಿರುವ ಅದನ್ನು ಸಂಬಂಧಪಟ್ಟ ಮನೆ ಮಾತ್ರ ಓದಬಲ್ಲದು. ಮೇಲೆ ಹೋಗುವ ಸಂದೇಶಗಳಿಗೆ ಒಂದೊಂದು ಮನೆಗೂ ಸರದಿಯ ಕ್ಷಣವನ್ನು ಗೊತ್ತುಮಾಡಿರುತ್ತದೆ. ಜಿಪಾನ್ ಎಂಬ ಮಾನದಂಡದಲ್ಲಿ ಕೆಳಮುಖ ವೇಗ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಮೇಲ್ಮುಖ ವೇಗ ಅದರ ಅರ್ಧ. ಇವನ್ನು ಕವಲಿನ ಮನೆಗಳೆಲ್ಲ ಹಂಚಿಕೊಳ್ಳುತ್ತವೆ. ಎಕ್ಸ್‌ಜಿಎಸ್ ಪಾನ್ ಎಂಬ ಮುಂದಿನ ಮಾನದಂಡ ಎರಡೂ ದಿಕ್ಕಿಗೆ 10 ಗಿಗಾಬಿಟ್ ಕೊಡುತ್ತದೆ. ಬೇರೆ ಬೇರೆ ಬಣ್ಣದ ಬೆಳಕನ್ನು ಬಳಸುವುದರಿಂದ ಎರಡೂ ಒಂದೇ ಎಳೆಯಲ್ಲಿ ಕೂಡಿ ಸಾಗಬಲ್ಲವು. ಹೀಗೆ ಇಂದು ಹೂಳಿದ ಎಳೆಯನ್ನು ಮುಟ್ಟದೆ, ತುದಿಗಳಲ್ಲಿನ ಯಂತ್ರಗಳನ್ನಷ್ಟೇ ಬದಲಿಸಿ ನಾಳೆಯ ವೇಗವನ್ನು ಪಡೆಯಬಹುದು.

ಹಳ್ಳಿಗಳಿಗೆ ತಂತು ಒಯ್ಯುವುದು ಲಾಭದ ಕೆಲಸವಲ್ಲವೆಂದು ದೊಡ್ಡ ಸಂಸ್ಥೆಗಳು ಹಿಂಜರಿದ ಕಡೆ ಜನರೇ ಮುಂದೆ ಬಂದದ್ದೂ ಉಂಟು. ಲ್ಯಾಂಕಶೈರಿನಲ್ಲಿ 2011ರಲ್ಲಿ ಹುಟ್ಟಿದ ಬಿ4ಆರ್‌ಎನ್ ಎಂಬ ಸಮುದಾಯ ಸಂಸ್ಥೆಗೆ ರೈತರು ತಮ್ಮ ಹೊಲಗಳಲ್ಲಿ ಕಾಲುವೆ ತೋಡಲು ಪರಿಹಾರ ಕೇಳದೆ ಅನುಮತಿ ಕೊಟ್ಟರು, ಊರವರೇ ಗುದ್ದಲಿ ಹಿಡಿದರು. ಅನೇಕ ನಗರವಾಸಿಗಳಿಗಿಂತ ಮೊದಲೇ ಆ ಹೊಲಮನೆಗಳಿಗೆ ಒಂದು ಗಿಗಾಬಿಟ್ ವೇಗ ದೊರಕಿತು. ದೇಶದಾದ್ಯಂತ 2024ರ ಜುಲೈ ವೇಳೆಗೆ, ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್‌ನ ಲೆಕ್ಕದಂತೆ, ಶೇಕಡ 69 ಮನೆಗಳಿಗೆ ಪೂರ್ಣ ತಂತುಜಾಲ ಲಭ್ಯವಿತ್ತು.

ಬೆರೆಸಬಾರದ ಮೂರು ಬದಲಾವಣೆಗಳು

ಸುದ್ದಿಯಲ್ಲಿ ಒಂದಾಗಿ ಕಾಣುವ ಮೂರು ಬದಲಾವಣೆಗಳನ್ನು ಇಲ್ಲಿ ಬೇರ್ಪಡಿಸಿ ನೋಡಬೇಕು. ಮೊದಲನೆಯದು, ಹಳೆಯ ಧ್ವನಿ ಜಾಲವನ್ನು ನಿಲ್ಲಿಸುವುದು. ಫೋನಿನ ಮಾತು ಇನ್ನು ಮುಂದೆ ರೌಟರಿನ ಮೂಲಕ ಅಂತರ್ಜಾಲದ ಪೊಟ್ಟಣಗಳಾಗಿ ಸಾಗುತ್ತದೆ. ಎರಡನೆಯದು, ತಾಮ್ರದ ತಂತಿಯನ್ನೇ ಹಿಂತೆಗೆದುಕೊಳ್ಳುವುದು. ಮೂರನೆಯದು, ಎಕ್ಸ್‌ಚೇಂಜ್ ಕಟ್ಟಡಗಳನ್ನು ಮುಚ್ಚುವುದು. ತಂತು ಹೆಚ್ಚು ದೂರ ಸಾಗಬಲ್ಲದಾದ್ದರಿಂದ ಸುಮಾರು 5,600 ಎಕ್ಸ್‌ಚೇಂಜುಗಳ ಪೈಕಿ ಸುಮಾರು 1,000 ಸಾಕೆಂಬುದು ಓಪನ್‌ರೀಚ್‌ನ ಯೋಜನೆ.

ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ತುರ್ತಿನದು. ತಂತು ಇನ್ನೂ ಬಾರದ ಮನೆಯಲ್ಲಿಯೂ, ಅದೇ ತಾಮ್ರದ ತಂತಿ ಉಳಿದಿದ್ದರೂ, ಧ್ವನಿಸೇವೆ ಮಾತ್ರ ಬದಲಾಗಿಬಿಡುತ್ತದೆ. ಹಳೆಯ ಸೇವೆಯ ಹೊಸ ಮಾರಾಟ 2023ರ ಸೆಪ್ಟೆಂಬರಿನಲ್ಲಿ ನಿಂತಿತು. ಅದನ್ನು ಪೂರ್ಣವಾಗಿ ನಿಲ್ಲಿಸಲು 2025ರ ಡಿಸೆಂಬರ್ ಎಂದಿದ್ದ ಗಡುವನ್ನು 2027ರ ಜನವರಿಗೆ ಮುಂದೂಡಲಾಯಿತು. ಮುಂದೂಡಿಕೆಗೆ ಮುಖ್ಯ ಕಾರಣ ತಂತ್ರಜ್ಞಾನದ ಕೊರತೆಯಲ್ಲ. ವೃದ್ಧರ ಮತ್ತು ಅಶಕ್ತರ ಸುರಕ್ಷತೆಯ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಕ್ಕಿರಲಿಲ್ಲ.

ಕೊರಳಿನ ಗುಂಡಿ

ಬ್ರಿಟನ್ನಿನಲ್ಲಿ ಸುಮಾರು 18 ಲಕ್ಷ ಜನ ಟೆಲಿಕೇರ್ ಸಾಧನಗಳನ್ನು ಅವಲಂಬಿಸಿದ್ದಾರೆ. ಕೊರಳಲ್ಲಿ ಅಥವಾ ಮಣಿಕಟ್ಟಿನಲ್ಲಿ ಧರಿಸುವ ಗುಂಡಿ ಇವುಗಳಲ್ಲಿ ಸಾಮಾನ್ಯವಾದುದು. ಬಿದ್ದಾಗ ಅಥವಾ ಎದೆನೋವು ಬಂದಾಗ ಅದನ್ನು ಒತ್ತಿದರೆ, ಮನೆಯ ಪೆಟ್ಟಿಗೆ ದೂರವಾಣಿಯ ಮೂಲಕ ಸಹಾಯ ಕೇಂದ್ರವನ್ನು ಕರೆಯುತ್ತದೆ. ಸೊಂಟದ ಮೂಳೆ ಮುರಿದು ನೆಲದ ಮೇಲೆ ಗಂಟೆಗಟ್ಟಲೆ ಬಿದ್ದಿದ್ದವರಲ್ಲಿ ಸ್ನಾಯುಗಳು ನಶಿಸಿ ಮೂತ್ರಪಿಂಡ ಸೋಲಬಹುದು, ಮೈ ತಣ್ಣಗಾಗಬಹುದು, ಶ್ವಾಸಕೋಶದ ಸೋಂಕು ತಗಲಬಹುದು, ಒತ್ತುಹುಣ್ಣು ಏಳಬಹುದು. ವೈದ್ಯರ ಕಣ್ಣಿಗೆ ಬೀಳುವಿಕೆಗಿಂತ ಬಿದ್ದ ಬಳಿಕದ ಕಾಯುವಿಕೆ ಎಷ್ಟೋ ಸಲ ಹೆಚ್ಚು ಅಪಾಯಕರ. ಆ ಕಾಯುವಿಕೆಯನ್ನು ಕಡಿಮೆ ಮಾಡುವುದೇ ಈ ಗುಂಡಿಯ ಕೆಲಸ.

ಹೊಸ ಜಾಲದಲ್ಲಿ ಎರಡು ತೊಂದರೆಗಳು ಎದುರಾಗುತ್ತವೆ. ಹಳೆಯ ಪೆಟ್ಟಿಗೆಗಳು ಸಹಾಯ ಕೇಂದ್ರದೊಡನೆ ಶಬ್ದಸಂಕೇತಗಳ ಮೂಲಕ ಮಾತನಾಡುತ್ತವೆ. ಮಾತನ್ನು ಪೊಟ್ಟಣಗಳಾಗಿ ಕತ್ತರಿಸಿ ಸಂಕುಚಿತಗೊಳಿಸುವಾಗ ಈ ಸಂಕೇತಗಳು ವಿಕಾರಗೊಳ್ಳಬಹುದು. ಕರೆ ಹೋದರೂ ಯಾರ ಮನೆಯಿಂದ ಬಂತೆಂಬುದು ತಿಳಿಯದೆ ಹೋಗಬಹುದು. ಎರಡನೆಯ ತೊಂದರೆ ವಿದ್ಯುತ್ತಿನದು. ಗಾಜು ವಿದ್ಯುತ್ತನ್ನು ಒಯ್ಯಲಾರದು. ಮನೆಯ ರೌಟರ್ ಮತ್ತು ತಂತುವಿನ ತುದಿಯ ಪೆಟ್ಟಿಗೆ ಮನೆಯ ವಿದ್ಯುತ್ತಿನಿಂದಲೇ ನಡೆಯಬೇಕು. ಟೆಲಿಕೇರ್ ಪೆಟ್ಟಿಗೆಯೊಳಗೆ ಬ್ಯಾಟರಿ ಇದ್ದರೂ ರೌಟರ್ ಆರಿದ್ದರೆ ಪ್ರಯೋಜನವಿಲ್ಲ.

2021ರ ನವೆಂಬರಿನಲ್ಲಿ ಆರ್ವೆನ್ ಚಂಡಮಾರುತ ಬೀಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ತು ಕಡಿದುಹೋಯಿತು, ಸುಮಾರು 4,000 ಮನೆಗಳು ವಾರಕ್ಕೂ ಹೆಚ್ಚು ಕಾಲ ಕತ್ತಲಲ್ಲಿದ್ದವು. ಮೊಬೈಲ್ ಗೋಪುರಗಳಿಗೂ ವಿದ್ಯುತ್ತೇ ಆಧಾರವಾದ್ದರಿಂದ ಹಲವೆಡೆ ಅವೂ ಮೂಕವಾದವು. 2022ರ ಮಾರ್ಚಿನಲ್ಲಿ ಬಿಟಿ ತನ್ನ ಅಂಕೀಯ ಧ್ವನಿಸೇವೆಯ ವಿಸ್ತರಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಟೆಲಿಕೇರ್ ವಿಫಲವಾದ ಗಂಭೀರ ಪ್ರಕರಣಗಳ ನಂತರ 2023ರ ಡಿಸೆಂಬರಿನಲ್ಲಿ ಸರ್ಕಾರ ಮತ್ತು ದೂರವಾಣಿ ಸಂಸ್ಥೆಗಳ ನಡುವೆ ಒಪ್ಪಂದವಾಯಿತು. ಹೊಸ ಜಾಲದಲ್ಲಿ ಕೆಲಸ ಮಾಡುವ ಸಾಧನವಿದೆಯೆಂದು ಖಚಿತವಾಗದೆ ಟೆಲಿಕೇರ್ ಬಳಸುವ ಯಾರನ್ನೂ ಬದಲಾಯಿಸಬಾರದೆಂಬುದು ಅದರ ಮುಖ್ಯಾಂಶ. ವಿದ್ಯುತ್ತು ಹೋದಾಗ ಸೇವಾಸಂಸ್ಥೆಗಳು ಅಪಾಯದಲ್ಲಿರುವ ಗ್ರಾಹಕರಿಗೆ ಕನಿಷ್ಠ ಒಂದು ಗಂಟೆಯಾದರೂ ತುರ್ತು ಕರೆ ಸಾಧ್ಯವಾಗುವ ವ್ಯವಸ್ಥೆ ಕಲ್ಪಿಸಬೇಕೆಂದು ಆಫ್‌ಕಾಮ್ ಮೊದಲೇ ವಿಧಿಸಿತ್ತು. ಒಂದು ವಾರದ ಕತ್ತಲಿಗೆ ಒಂದು ಗಂಟೆ ಎಲ್ಲಿ ಸಾಲುತ್ತದೆ?

ತಾಮ್ರವನ್ನು ಉಳಿಸಿಕೊಳ್ಳಬೇಕೆಂಬುದು ಇದರ ಅರ್ಥವಲ್ಲ. ಹಳೆಯ ಎಕ್ಸ್‌ಚೇಂಜಿನ ಬಿಡಿಭಾಗಗಳು ಸಿಗುತ್ತಿಲ್ಲ, ಬಲ್ಲವರು ನಿವೃತ್ತರಾಗುತ್ತಿದ್ದಾರೆ, ದೋಷಗಳು ಹೆಚ್ಚುತ್ತಿವೆ. ಕೊಳೆಯುತ್ತಿರುವ ಜಾಲವೂ ಸುರಕ್ಷಿತವಲ್ಲ. ಆದರೆ ಎಕ್ಸ್‌ಚೇಂಜಿನ ಬ್ಯಾಟರಿ ಹೊತ್ತಿದ್ದ ಹೊಣೆ ಈಗ ಗ್ರಾಹಕನ ಮನೆಗೆ ಬಂದಿದೆ. ಅದನ್ನು ಹೊರಲು ಎಲ್ಲರಿಗಿಂತ ಅಶಕ್ತರಾದವರಿಗೆ ಅದು ಬಂದಿರುವುದೇ ಗೊತ್ತಿಲ್ಲ.

ಊರಿನ ಮನೆಯಲ್ಲಿ

ಓದುಗರಲ್ಲಿ ಅನೇಕರ ತಂದೆತಾಯಂದಿರು ಕರ್ನಾಟಕದಲ್ಲಿ ಒಂಟಿಯಾಗಿದ್ದಾರೆ. ಭಾರತದಲ್ಲಿ 2004ರ ನೀತಿ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆಯಿತು, 2005ರಲ್ಲಿ ಬಿಎಸ್ಎನ್ಎಲ್ ತಾಮ್ರದ ಮೇಲೆ ಆ ಸೇವೆಯನ್ನು ಆರಂಭಿಸಿತು. ಇಂದು ಅದೇ ಮನೆಗಳಿಗೆ ಗಾಜಿನ ತಂತು ಬಂದು, ಲ್ಯಾಂಡ್‌ಲೈನಿನ ಹಳೆಯ ಸಂಖ್ಯೆ ಅದರ ಪೆಟ್ಟಿಗೆಗೆ ವರ್ಗವಾಗುತ್ತಿದೆ. ಭೌತನಿಯಮ ಅಲ್ಲಿಯೂ ಇದೇ. ವ್ಯತ್ಯಾಸವೆಂದರೆ, ಕರೆಂಟು ಹೋಗುವುದನ್ನೇ ರೂಢಿಮಾಡಿಕೊಂಡ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಯುಪಿಎಸ್ ಆಗಲೇ ಇದೆ. ರೌಟರನ್ನು ಆ ಸಾಲಿಗೆ ಸೇರಿಸಿದರೆ ಸಾಕು. ಈ ವಿಷಯದಲ್ಲಿ ಇಲ್ಲಿನ ಮನೆಗಿಂತ ಅಲ್ಲಿನ ಮನೆಯೇ ಹೆಚ್ಚು ಸಿದ್ಧವಾಗಿದೆ.

ವಿಚಾರಿಸಬೇಕಾದ ಸಂಗತಿಗಳು

ಬ್ರಿಟನ್ನಿನಲ್ಲಿ ನಿಮ್ಮ ಮನೆಯಲ್ಲಿ ಅಥವಾ ಪರಿಚಿತ ಹಿರಿಯರ ಮನೆಯಲ್ಲಿ ಧ್ವನಿಸೇವೆ ಬದಲಾಗುವ ಮುನ್ನ ನಾಲ್ಕು ಸಂಗತಿಗಳನ್ನು ನೋಡಿಕೊಳ್ಳಿ. ಕೊರಳಿನ ಗುಂಡಿ, ಕಳ್ಳರ ಎಚ್ಚರಿಕೆ ಗಂಟೆ, ಲಿಫ್ಟಿನ ಫೋನು ಮುಂತಾಗಿ ದೂರವಾಣಿ ತಂತಿಗೆ ಏನೇನು ಜೋಡಿಸಿದೆಯೆಂದು ಪಟ್ಟಿ ಮಾಡಿ. ಟೆಲಿಕೇರ್ ಇದೆಯೆಂಬುದನ್ನು ದೂರವಾಣಿ ಸಂಸ್ಥೆಗೂ, ಬದಲಾವಣೆಯ ದಿನವನ್ನು ಟೆಲಿಕೇರ್ ಸಂಸ್ಥೆಗೂ ತಿಳಿಸಿ, ಬದಲಾದ ದಿನವೇ ಗುಂಡಿಯನ್ನು ಒತ್ತಿ ಪರೀಕ್ಷಿಸಿ. ರೌಟರಿಗೆ ಬ್ಯಾಟರಿ ಕೊಡುವಂತೆ ಕೇಳಿ, ಅದು ಎಷ್ಟು ಹೊತ್ತು ನಡೆಯುತ್ತದೆಯೆಂದೂ ಕೇಳಿ. ಕೊನೆಯದಾಗಿ, ವಿದ್ಯುತ್ ವಿತರಣಾ ಸಂಸ್ಥೆಯ ಆದ್ಯತಾ ಗ್ರಾಹಕರ ಪಟ್ಟಿಯಲ್ಲಿ ಹಿರಿಯರ ಹೆಸರನ್ನು ಸೇರಿಸಿ. ಅದಕ್ಕೆ ಶುಲ್ಕವಿಲ್ಲ. ವೈದ್ಯರೂ ದಾದಿಯರೂ ರೋಗಿಯನ್ನು ಮನೆಗೆ ಕಳುಹಿಸುವಾಗ ಗುಂಡಿ ಇದೆಯೇ ಎಂದು ಕೇಳುವುದು ವಾಡಿಕೆ. ಕರೆಂಟು ಹೋದಾಗ ಅದು ಕೆಲಸ ಮಾಡುತ್ತದೆಯೇ ಎಂದೂ ಇನ್ನು ಮುಂದೆ ಕೇಳಬೇಕು.